ಅಂಚೆಚೀಟಿಯಲ್ಲಿ ಹಳ್ಳಿಯ ಹೆಣ್ಣುಮಗಳು: ಉಡುಗೆ, ದುಡಿಮೆ, ಹೆಸರು

(ಮೈಸೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಅಚ್ಚುರೂಪ)



ಜನಪದರ ಬದುಕಿಗೆ ಸಂಬಂಧಪಟ್ಟ ಯಾವುದಾದರೂ ಒಂದು ವಿಷಯವನ್ನು ಕುರಿತು ಮಾತನಾಡಬೇಕೆಂಬುದು ಈ ದತ್ತಿಯ ಆಶಯ. ನಾನು ಅಂಚೆಚೀಟಿಯನ್ನು ಆರಿಸಿಕೊಂಡಿದ್ದೇನೆ. ಅಂಚೆಚೀಟಿಗೂ ಜನಪದಕ್ಕೂ ಏನು ನಂಟು ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಸರ್ಕಾರ ತನ್ನ ನಾಡಿನಲ್ಲಿ ಯಾರನ್ನು ನೆನೆಯುತ್ತದೆ, ಯಾರನ್ನು ಮರೆಯುತ್ತದೆ ಎಂಬುದಕ್ಕೆ ಅಂಚೆಚೀಟಿಗಿಂತ ಅಚ್ಚುಕಟ್ಟಾದ ದಾಖಲೆ ಸಿಗುವುದು ಕಷ್ಟ. ದಿನಾಂಕ, ಬೆಲೆ, ಚಿತ್ರ, ಹೆಸರು ಎಲ್ಲವೂ ಅದರಲ್ಲಿರುತ್ತವೆ. ಆ ದಾಖಲೆಯಲ್ಲಿ ಹಳ್ಳಿಯ ಹೆಣ್ಣುಮಗಳು ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ನೋಡುವುದು ಈ ಉಪನ್ಯಾಸದ ಉದ್ದೇಶ.

ಇದನ್ನು ಮೈಸೂರಿನಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ವ್ಯವಸ್ಥೆಯನ್ನು ಕಟ್ಟಿದ ನಾಡು ಇದು. 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಳಗೆ ಸೇರುವವರೆಗೆ ಮೈಸೂರು ಅಂಚೆ ತನ್ನ ಕಾಲ ಮೇಲೆ ತಾನು ನಿಂತಿತ್ತು. ತಿರುವಾಂಕೂರು, ಹೈದರಾಬಾದ್ ಸಂಸ್ಥಾನಗಳಂತೆ ಮೈಸೂರು ತನ್ನದೇ ಅಂಚೆಚೀಟಿಗಳನ್ನು ಅಚ್ಚು ಹಾಕಿಸಲಿಲ್ಲ. ಆದರೆ ಅಂಚೆಯ ಸಂಸ್ಕೃತಿ ಇಲ್ಲಿಂದ ಹೋಗಿಲ್ಲ. ನಜರ್‌ಬಾದಿನ ಕಾರಂಜಿ ಮ್ಯಾನ್ಷನ್ನಿನಲ್ಲಿ ಅಂಚೆ ನೌಕರರ ತರಬೇತಿ ಕೇಂದ್ರವಿದೆ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ಒಂದು ಕಡೆ ಅಂಚೆ, ಇನ್ನೊಂದು ಕಡೆ ಜನಪದರ ಉಡುಗೆ ತೊಡುಗೆ. ಇವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸಬಲ್ಲ ಊರು ನಮ್ಮದು.

ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಳ್ಳಿಯ ಹೆಣ್ಣಿನ ಉಡುಗೆಗೆ ಅಂಚೆಚೀಟಿಯಲ್ಲಿ ಜಾಗ ಕೊಟ್ಟ ಮಾತ್ರಕ್ಕೆ ಅವಳಿಗೆ ಗೌರವ ಸಂದಂತಾಗುವುದಿಲ್ಲ. ಆ ಉಡುಗೆಯ ಪಕ್ಕದಲ್ಲಿ ಅವಳ ಹೆಸರಿರಬೇಕು, ಅವಳ ಕೈಯಲ್ಲಿ ಅವಳ ಕೆಲಸವಿರಬೇಕು. ಮುಂದೆ ಹೇಳುವುದೆಲ್ಲ ಈ ಮಾತಿನ ವಿವರಣೆ.

1. ರಾಣಿಯಿಂದ ರಾಟೆಯವರೆಗೆ

ಜಗತ್ತಿನ ಮೊದಲ ಅಂಚೆಚೀಟಿ ಬಳಕೆಗೆ ಬಂದದ್ದು 1840ರ ಮೇ 6ರಂದು, ಇಂಗ್ಲೆಂಡಿನಲ್ಲಿ. ಅದರ ಮೇಲಿದ್ದದ್ದು ಹೆಣ್ಣಿನ ಮುಖವೇ, ವಿಕ್ಟೋರಿಯಾ ರಾಣಿಯದು. 1854ರಲ್ಲಿ ಭಾರತಕ್ಕೆಲ್ಲ ಅನ್ವಯಿಸುವ ಅಂಚೆಚೀಟಿಗಳು ಬಂದಾಗಲೂ ಅದೇ ರಾಣಿಯ ಮುಖ. ಮುಂದೆ ನೂರು ವರ್ಷದ ಹತ್ತಿರ ನಮ್ಮ ಜನ ಕಾಗದಕ್ಕೆ ಅಂಟಿಸಿದ್ದು ಕಿರೀಟವನ್ನು. ಸ್ವಾತಂತ್ರ್ಯ ಬಂದ ಮೇಲೆ, 1952ರ ಅಕ್ಟೋಬರ್ 1ರಂದು ಸಂತರು ಮತ್ತು ಕವಿಗಳ ಮಾಲಿಕೆ ಹೊರಬಂತು. ಕಬೀರ, ತುಲಸೀದಾಸ, ಸೂರದಾಸ, ಗಾಲಿಬ್, ಟಾಗೋರರ ಜೊತೆಗೆ ಎರಡಾಣೆಯ ಚೀಟಿಯಲ್ಲಿ ಮೀರಾಬಾಯಿ ಇದ್ದಳು. ಭಾರತದ ಅಂಚೆಚೀಟಿಯಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಮಹಿಳೆ ಮೀರಾ. ಅವಳೂ ಅರಮನೆಯವಳು, ಆದರೆ ಅರಮನೆ ಬಿಟ್ಟು ಬೀದಿಗಿಳಿದವಳು.

ಹಳ್ಳಿಯ ಹೆಣ್ಣು ಬಂದದ್ದು ಅದಾದ ಸುಮಾರು ಎರಡು ವರ್ಷ ನಾಲ್ಕು ತಿಂಗಳಿಗೆ. 1955ರ ಜನವರಿ 26ರಂದು ಪಂಚವಾರ್ಷಿಕ ಯೋಜನೆಯ ಮಾಲಿಕೆ ಬಿಡುಗಡೆಯಾಯಿತು. ಟ್ರ್ಯಾಕ್ಟರು, ದಾಮೋದರ ಕಣಿವೆಯ ಅಣೆಕಟ್ಟು, ಚಿತ್ತರಂಜನ್ ರೈಲು ಎಂಜಿನ್ ಕಾರ್ಖಾನೆ, ನಮ್ಮ ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆ, ಹೀಗೆ ಹೊಸ ಭಾರತದ ಹೆಮ್ಮೆಗಳೆಲ್ಲ ಅದರಲ್ಲಿದ್ದವು. ಅವುಗಳ ನಡುವೆ ಎರಡಾಣೆಯ ಚೀಟಿಯಲ್ಲಿ ನೂಲುವ ಹೆಂಗಸು, ಮೂರಾಣೆಯ ಚೀಟಿಯಲ್ಲಿ ಕೈಮಗ್ಗದ ಮುಂದೆ ಕುಳಿತ ಹೆಂಗಸು. ಉಕ್ಕಿಗೂ ವಿಮಾನಕ್ಕೂ ಸಮನಾಗಿ ರಾಟೆಯನ್ನೂ ಮಗ್ಗವನ್ನೂ ಇಟ್ಟದ್ದು ಆ ಕಾಲದ ದೊಡ್ಡತನ. 1965ರಲ್ಲಿ ಆರಂಭವಾದ ಮುಂದಿನ ಮಾಲಿಕೆಯಲ್ಲಿ ಹದಿನೈದು ಪೈಸೆಗೆ ಟೀ ಎಲೆ ಕೊಯ್ಯುವ ಹೆಂಗಸರು ಬಂದರು. 1979ರಿಂದ ಬಂದ ಕೃಷಿ ಮತ್ತು ಗ್ರಾಮಾಭಿವೃದ್ಧಿಯ ಮಾಲಿಕೆಯಲ್ಲಿ ಮಗುವಿಗೆ ಉಣಿಸುವ ತಾಯಿ ಬಂದಳು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಇವೆಲ್ಲ ನಿತ್ಯಬಳಕೆಯ ಅಂಚೆಚೀಟಿಗಳು. ವರ್ಷಗಟ್ಟಲೆ ಮರುಮುದ್ರಣವಾಗುತ್ತ, ದೇಶದ ಎಲ್ಲ ಅಂಚೆ ಕಚೇರಿಗಳ ಕಿಟಕಿಯಲ್ಲಿ ಸಿಗುವಂಥವು. ಮಗನಿಗೆ ಕಳಿಸುವ ಪತ್ರಕ್ಕೂ ಕೋರ್ಟಿನ ನೋಟೀಸಿಗೂ ಅವೇ ಬೇಕು. ಹಾಗಾಗಿ ರಾಟೆಯ ಹೆಂಗಸು, ಮಗ್ಗದ ಹೆಂಗಸು ನಮ್ಮ ಹಳ್ಳಿಹಳ್ಳಿಯನ್ನೂ ಮುಟ್ಟಿದರು. ಆದರೆ ಅವರಿಗೆ ಹೆಸರಿರಲಿಲ್ಲ. ಅವರು ಯಾವ ಊರಿನವರು, ಆ ಸೀರೆ ಯಾವ ಸೀಮೆಯದು ಎಂದು ಯಾರೂ ಹೇಳಲಿಲ್ಲ. 1965ರ ಮಾಲಿಕೆಯಲ್ಲಿ ಒಂದು ರೂಪಾಯಿಗೆ ಪತ್ರ ಬರೆಯುತ್ತಿರುವ ಸ್ತ್ರೀಯ ಮಧ್ಯಯುಗದ ಶಿಲ್ಪವೊಂದು ಇತ್ತು. ನಾಲ್ಕು ವರ್ಷ ಹಿಂದಿನ 1961ರ ಜನಗಣತಿಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಹದಿನೈದರಷ್ಟು. ಕಲ್ಲಿನ ಹೆಣ್ಣು ಪತ್ರ ಬರೆಯುತ್ತಿದ್ದಳು. ಟೀ ಕೊಯ್ಯುವ ಹೆಣ್ಣು ತನ್ನ ಪತ್ರವನ್ನು ಇನ್ನೊಬ್ಬರ ಕೈಲಿ ಬರೆಸಬೇಕಿತ್ತು. ಒಂದೇ ಮಾಲಿಕೆಯಲ್ಲಿ ಇಬ್ಬರೂ ಇದ್ದರು.

2. ಹೆಸರಿಲ್ಲದ ಚೆಲುವು

ದುಡಿಮೆಯಿಂದ ಉಡುಗೆಯ ಕಡೆಗೆ ಬರೋಣ. 1980ರ ಡಿಸೆಂಬರ್ 30ರಂದು ಅಂಚೆ ಇಲಾಖೆ ನಾಲ್ವರು ಮದುವಣಗಿತ್ತಿಯರ ಚೀಟಿಗಳನ್ನು ಹೊರತಂದಿತು. ಕಾಶ್ಮೀರ, ಬಂಗಾಳ, ರಾಜಸ್ಥಾನ, ತಮಿಳುನಾಡಿನ ವಧುಗಳು, ತಲಾ ಒಂದು ರೂಪಾಯಿ. ಬಣ್ಣ, ಒಡವೆ, ಸೆರಗಿನ ಅಂಚು ಎಲ್ಲದರಲ್ಲೂ ಚೆಲುವಾದ ಚೀಟಿಗಳು. ನಾಲ್ವರಲ್ಲಿ ಕನ್ನಡದ ಮದುಮಗಳು ಇರಲಿಲ್ಲ. ಮರುವರ್ಷ, 1981ರ ಮೇ 30ರಂದು ಬುಡಕಟ್ಟುಗಳ ಚೀಟಿಗಳು ಬಂದವು: ಖಿಯಾಮ್ನಿಯುಂಗನ್ ನಾಗಾ, ತೊದ, ಭಿಲ್, ದಂಡಾಮಿ ಮಾಡಿಯ. ಇವುಗಳಲ್ಲೂ ವ್ಯಕ್ತಿಗೆ ಹೆಸರಿಲ್ಲ, ಪಂಗಡಕ್ಕೆ ಮಾತ್ರ ಹೆಸರು.

ಇದು ನಮ್ಮ ದೇಶದ ರೂಢಿ ಮಾತ್ರವಲ್ಲ. ಫ್ರಾನ್ಸ್ 1943ರಲ್ಲಿ ತನ್ನ ಪ್ರಾಂತ್ಯಗಳ ಹೆಂಗಸರ ತಲೆಯುಡುಗೆಗಳನ್ನು ಚೀಟಿಗಳಲ್ಲಿ ಅಚ್ಚು ಹಾಕಿತು. ಸ್ಪೇನ್ 1967ರಿಂದ 1971ರವರೆಗೆ ಪ್ರಾಂತಕ್ಕೊಂದರಂತೆ ಐವತ್ತಕ್ಕೂ ಹೆಚ್ಚು ಉಡುಗೆಗಳ ಚೀಟಿಗಳನ್ನು ತಂದಿತು. ಪೋಲೆಂಡ್, ರೊಮೇನಿಯಾ, ಯುಗೊಸ್ಲಾವಿಯಗಳೂ ಹಳ್ಳಿಗರ ಉಡುಗೆಯ ಮಾಲಿಕೆಗಳನ್ನು ಮಾಡಿದವು. ಸಂಗ್ರಾಹಕರಿಗೆ ಇವು ಹಬ್ಬ. ಆದರೆ ಇಡೀ ಆಲ್ಬಂ ತಿರುವಿಹಾಕಿದರೂ ಒಬ್ಬ ಹೆಂಗಸಿನ ಹೆಸರು ಸಿಗುವುದಿಲ್ಲ. ಫ್ರಾನ್ಸಿನ ಅತ್ಯಂತ ಪ್ರಸಿದ್ಧ ಅಂಚೆಚೀಟಿಗಳಲ್ಲಿ ಒಂದು, 1903ರಲ್ಲಿ ಬಂದ ಬೀಜ ಬಿತ್ತುವ ಹೆಣ್ಣು. ಆಸ್ಕರ್ ರೊಟಿ ಎಂಬ ಪದಕಶಿಲ್ಪಿ ಕಲ್ಪಿಸಿದ ಆ ಚಿತ್ರ ಹತ್ತಾರು ವರ್ಷ ಫ್ರಾನ್ಸಿನ ಲಕೋಟೆಗಳ ಮೇಲಿತ್ತು. ಅವಳು ಹೊಲದಲ್ಲಿ ನಡೆಯುತ್ತಿದ್ದಾಳೆ, ಚೀಲದಿಂದ ಕಾಳು ಚೆಲ್ಲುತ್ತಿದ್ದಾಳೆ, ಆದರೆ ತೊಟ್ಟಿರುವುದು ಗಣರಾಜ್ಯದ ಸಂಕೇತವಾದ ಟೋಪಿಯನ್ನು. ದೇಶಕ್ಕೆ ಒಂದು ಪ್ರತಿಮೆ ಬೇಕಾಗಿತ್ತು, ಅದಕ್ಕೆ ರೈತ ಹೆಂಗಸಿನ ಮೈಯನ್ನು ಕಡ ಪಡೆದರು.

ಈ ನೋಟದ ಬೇರು ಅಂಚೆಗಿಂತ ಹಳೆಯದು. ಮೈಸೂರಿನವರಿಗೆ ಅದನ್ನು ಮನೆಯ ಉದಾಹರಣೆಯಿಂದಲೇ ತೋರಿಸಬಹುದು. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರವರೆಗೆ ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿದ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕ್ಯಾಸ್ಟ್ಸ್’ ನಾಲ್ಕು ಸಂಪುಟಗಳ ಮಹಾಗ್ರಂಥ. ನಂಜುಂಡಯ್ಯನವರು ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಈ ವಿಶ್ವವಿದ್ಯಾನಿಲಯದ ಮೊದಲ ಕುಲಪತಿ. ಆ ಸಂಪುಟಗಳ ಉಪಕಾರ ದೊಡ್ಡದು. ನಮ್ಮ ಅಜ್ಜಿಯರು ಹೇಗೆ ಸೀರೆ ಉಡುತ್ತಿದ್ದರು, ಯಾವ ಓಲೆ ಇಡುತ್ತಿದ್ದರು ಎಂಬುದಕ್ಕೆ ಅವುಗಳ ಛಾಯಾಚಿತ್ರಗಳು ಆಧಾರ. ಆದರೆ ಆ ಚಿತ್ರಗಳ ಅಡಿಯಲ್ಲಿ ಬಹುಮಟ್ಟಿಗೆ ಇರುವುದು ಜಾತಿಯ ಹೆಸರು. ಕ್ಯಾಮೆರಾದ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಆ ಹೆಂಗಸರಿಗೂ ಕೂಗಿದರೆ ಓಗೊಡುವ ಹೆಸರಿತ್ತು. ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಉಡುಗೆಯ ಅಂಚೆಚೀಟಿಗಳು ಆ ಕೊರತೆಯನ್ನೇ ಮುಂದುವರಿಸಿದವು.

3. ಹೆಸರು ಪಡೆದವರು

ಹೆಸರಿನೊಂದಿಗೆ ಚೀಟಿಗೆ ಬಂದ ಹೆಂಗಸರೂ ಇದ್ದಾರೆ. 1957ರಲ್ಲಿ ಝಾನ್ಸಿಯ ರಾಣಿ, 1962ರಲ್ಲಿ ರಮಾಬಾಯಿ ರಾನಡೆ ಮತ್ತು ಭಿಕಾಯಿಜಿ ಕಾಮಾ, 1964ರಲ್ಲಿ ಸರೋಜಿನಿ ನಾಯ್ಡು ಮತ್ತು ಕಸ್ತೂರಬಾ. ಕಿತ್ತೂರಿನ ವಿಜಯದ ನೆನಪಿನ ದಿನವಾದ ಅಕ್ಟೋಬರ್ 23ರಂದು, 1977ರಲ್ಲಿ, ಇಪ್ಪತ್ತೈದು ಪೈಸೆಯ ಚೀಟಿಯಲ್ಲಿ ನಮ್ಮ ರಾಣಿ ಚೆನ್ನಮ್ಮ. 1998ರಲ್ಲಿ ಸಾವಿತ್ರಿಬಾಯಿ ಫುಲೆ. 2014ರಲ್ಲಿ ಸಂಗೀತಗಾರರ ಮಾಲಿಕೆಯಲ್ಲಿ ಗಂಗೂಬಾಯಿ ಹಾನಗಲ್.

ಈ ಪಟ್ಟಿ ನಮಗೆ ಹೆಮ್ಮೆಯದು. ಅದರ ಒಲವು ಯಾವ ಕಡೆಗೆ ಎಂಬುದನ್ನೂ ನೋಡಬೇಕು. ಅರಸೊತ್ತಿಗೆ, ಸ್ವಾತಂತ್ರ್ಯ ಹೋರಾಟ, ಓದು, ಸಂಗೀತ, ಈ ದಾರಿಗಳಲ್ಲಿ ಬಂದವರಿಗೆ ಹೆಸರು ದಕ್ಕಿತು. ಹಳ್ಳಿಯ ನೇಕಾರ ಸಮುದಾಯದ ಝಲ್ಕಾರಿ ಬಾಯಿಯ ಚೀಟಿ 2001ರಲ್ಲಿ ಬಂತು; ಅಲ್ಲಿ ಅವಳು ಕುದುರೆಯ ಮೇಲಿದ್ದಾಳೆ. ಕತ್ತಿ ಹಿಡಿದ ಹಳ್ಳಿಯ ಹೆಣ್ಣನ್ನು ದೇಶ ಹೆಸರು ಹಿಡಿದು ಕರೆಯಿತು. ಕುಡುಗೋಲು ಹಿಡಿದವಳನ್ನು, ಸಸಿ ನೆಟ್ಟವಳನ್ನು, ಹೆರಿಗೆ ಮಾಡಿಸಿದವಳನ್ನು ಹಾಗೆ ಕರೆಯುವುದು ಇನ್ನೂ ರೂಢಿಯಾಗಬೇಕಾಗಿದೆ. 2008–09ರ ಹೊತ್ತಿಗೆ ಬಂದ ಆಧುನಿಕ ಭಾರತದ ನಿರ್ಮಾತೃಗಳ ನಿತ್ಯಬಳಕೆಯ ಮಾಲಿಕೆಯಲ್ಲಿ ಇಂದಿರಾ ಗಾಂಧಿ, ಮದರ್ ತೆರೇಸಾ, ರುಕ್ಮಿಣಿದೇವಿ ಅರುಂಡೇಲ್ ಇದ್ದರು. ದೊಡ್ಡ ಹೆಸರುಗಳೇ, ಸಂದೇಹವಿಲ್ಲ. ಆದರೆ ಆಧುನಿಕ ಭಾರತವನ್ನು ಕಟ್ಟಿದವರಲ್ಲಿ ಹೊಲಗದ್ದೆಯ ಹೆಣ್ಣೂ ಒಬ್ಬಳು ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ.

ಒಟ್ಟು ಲೆಕ್ಕ ಹೀಗಾಯಿತು: ನಿತ್ಯಬಳಕೆಯ ಚೀಟಿಯಲ್ಲಿ ಹಳ್ಳಿಯ ಹೆಣ್ಣಿಗೆ ದುಡಿಮೆ ಇತ್ತು, ಹೆಸರಿರಲಿಲ್ಲ. ಉಡುಗೆಯ ಚೀಟಿಯಲ್ಲಿ ಅಲಂಕಾರವಿತ್ತು, ದುಡಿಮೆಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಹೆಸರಿನ ಚೀಟಿಗಳಲ್ಲಿ ಅವಳೇ ಅಪರೂಪ.

4. ನಮ್ಮ ನಡುವೆ ಬಾಳಿದ ನಾಲ್ವರು

ಉಡುಗೆ, ದುಡಿಮೆ, ಹೆಸರು ಮೂರೂ ಒಬ್ಬರಲ್ಲೇ ಕೂಡಿದ ಹೆಂಗಸರು ಕರ್ನಾಟಕದಲ್ಲಿ ನಮ್ಮ ಕಣ್ಣೆದುರಿಗೇ ಬಾಳಿ ಹೋಗಿದ್ದಾರೆ. ನಾಲ್ವರನ್ನು ಮಾತ್ರ ಹೆಸರಿಸುತ್ತೇನೆ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು. ಆಸ್ಪತ್ರೆಯಿಲ್ಲದ ಬಯಲುಸೀಮೆಯ ಊರುಗಳಲ್ಲಿ ಕಾಸು ಕೇಳದೆ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ತುಮಕೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಅಕ್ಷರ ಕಲಿಯದ ಆ ಕೈಗಳು ಎಷ್ಟು ಮನೆಗಳ ವಂಶವನ್ನು ಉಳಿಸಿದವೋ ಲೆಕ್ಕವಿಟ್ಟವರಿಲ್ಲ.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು. ಹುಲಿಕಲ್ಲು ಮತ್ತು ಕುದೂರಿನ ನಡುವಿನ ನಾಲ್ಕು ಕಿಲೋಮೀಟರಿನಷ್ಟು ರಸ್ತೆಯ ಬದಿಯಲ್ಲಿ ಗಂಡನ ಜೊತೆಗೂಡಿ 385 ಆಲದ ಸಸಿಗಳನ್ನು ನೆಟ್ಟು, ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಮರ ಮಾಡಿದವರು. 2019ರ ಮಾರ್ಚಿನಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆಯ ಮೇಲೆ ಕೈಯಿಟ್ಟು ಹರಸಿದ್ದನ್ನು ದೇಶವೇ ನೋಡಿತು. 2025ರ ನವೆಂಬರ್ 14ರಂದು ಅವರು ನಮ್ಮನ್ನಗಲಿದರು.

ಅಂಕೋಲಾ ಸೀಮೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡ, ಜನರ ಬಾಯಲ್ಲಿ ಸುಕ್ರಜ್ಜಿ. ಹಾಲಕ್ಕಿ ಒಕ್ಕಲಿಗರ ಹಾಡಿನ ದೊಡ್ಡ ಕಣಜವನ್ನೇ ನೆನಪಿನಲ್ಲಿಟ್ಟುಕೊಂಡವರು. ಊರಿನಲ್ಲಿ ಸಾರಾಯಿಯ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ನಿಂತವರು. 2017ರಲ್ಲಿ ಪದ್ಮಶ್ರೀ, 2025ರ ಫೆಬ್ರವರಿ 13ರಂದು ನಿಧನ.

ನಾಲ್ಕನೆಯವರು ಅದೇ ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ. ಚಿಕ್ಕಂದಿನಲ್ಲೇ ತಾಯಿಯ ಜೊತೆ ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರಕ್ಕೆ ಕೂಲಿಗೆ ಹೋದವರು, ಯಾವ ಮರದ ಬೀಜವನ್ನು ಯಾವಾಗ ಆಯಬೇಕು, ಯಾವುದು ಮೊಳೆಯುತ್ತದೆ, ಯಾವುದು ಮೊಳೆಯುವುದಿಲ್ಲ ಎಂಬುದನ್ನು ಅರಣ್ಯಾಧಿಕಾರಿಗಳಿಗೇ ಹೇಳಿಕೊಡುವಷ್ಟು ತಿಳಿದರು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ಬರಿಗಾಲಲ್ಲಿ ನಡೆದು ಪದ್ಮಶ್ರೀ ಪಡೆದರು. 2024ರ ಡಿಸೆಂಬರ್ 16ರಂದು ತೀರಿಕೊಂಡರು.

ಅವರು ಪದ್ಮಶ್ರೀ ಪಡೆದ ದಿನದ ಛಾಯಾಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ರವಿಕೆಯಿಲ್ಲದೆ ಮೈಗೆ ಸುತ್ತಿ, ಎದೆಯ ಮೇಲಿಂದ ತಂದು ಹೆಗಲಿಗೆ ಬಿಗಿದ ಸೀರೆ. ಎರಡು ತೋಳೂ ಬಯಲು. ಕುತ್ತಿಗೆಯಿಂದ ಎದೆಯವರೆಗೆ ಸಾಲು ಸಾಲು ಕರಿಮಣಿ ಸರ. ಈ ಉಡುಗೆಯನ್ನು ಅವರು ಸಮಾರಂಭಕ್ಕೆಂದು ಪೆಟ್ಟಿಗೆಯಿಂದ ತೆಗೆದದ್ದಲ್ಲ. ಸಸಿಗೆ ಮಣ್ಣು ತುಂಬುವಾಗ, ಗದ್ದೆಯಲ್ಲಿ ಬಗ್ಗುವಾಗ, ಸೊಪ್ಪಿನ ಹೊರೆ ಹೊರುವಾಗ ಹಾಲಕ್ಕಿ ಹೆಂಗಸರು ಉಡುತ್ತ ಬಂದ ಬಗೆ ಅದು. ಕರಾವಳಿಯ ಸೆಕೆಗೂ ಗದ್ದೆಯ ಕೆಸರಿಗೂ ತೋಳಿನ ಬೀಸಿಗೂ ಹೊಂದಿಕೊಂಡ ಉಡುಗೆ. ಅದನ್ನುಟ್ಟು ನಾಡಿನ ಅತ್ಯುನ್ನತ ಸಭಾಂಗಣದಲ್ಲಿ ಅವರು ನಿಂತಾಗ ನಾಚಿಕೆಯಾಗಲಿ ಪ್ರದರ್ಶನವಾಗಲಿ ಅಲ್ಲಿರಲಿಲ್ಲ. ಹಾಲಕ್ಕಿ ಉಡುಗೆಗೆ ಒಂದು ಅಂಚೆಚೀಟಿ ಬೇಕೆಂದರೆ ‘ಹಾಲಕ್ಕಿ ಮಹಿಳೆ’ ಎಂಬ ಶೀರ್ಷಿಕೆ ಸಾಲದು. ‘ತುಳಸಿ ಗೌಡ’ ಎಂದೇ ಬರೆಯಬೇಕು. ಕೈಯಲ್ಲಿ ಸಸಿ ಇರಬೇಕು.

5. ನಾಲ್ಕು ಸೆಂಟಿಮೀಟರಿನಲ್ಲಿ ಉಡುಗೆಯನ್ನು ಬರೆಯುವುದು

ನಮ್ಮ ಸ್ಮರಣಾರ್ಥ ಅಂಚೆಚೀಟಿಗಳ ಸಾಮಾನ್ಯ ಅಳತೆ ಸುಮಾರು ನಾಲ್ಕು ಸೆಂಟಿಮೀಟರು ಉದ್ದ, ಮೂರು ಸೆಂಟಿಮೀಟರು ಅಗಲ. ಅಷ್ಟರಲ್ಲಿ ಉಡುಗೆಯೊಂದನ್ನು ತರುವ ಕಲಾವಿದನಿಗೆ ಆ ಉಡುಗೆಯ ಜೀವಾಳ ಎಲ್ಲಿದೆ ಎಂದು ಗೊತ್ತಿರಬೇಕು.

ಇಳಕಲ್ ಸೀರೆಯ ಜೀವಾಳ ಅದರ ಸೆರಗಿನಲ್ಲಿದೆ. ಒಡಲಿನ ಹಾಸಿಗೂ ಸೆರಗಿನ ರೇಷ್ಮೆ ಹಾಸಿಗೂ ಕೊಂಡಿ ಹಾಕಿ ಸೇರಿಸುವುದು, ಕೆಂಪು ನೆಲದ ಮೇಲೆ ಬಿಳಿಯ ತೆನಿಗಳು ಏಳುವುದು, ಇವೆರಡು ಕಾಣದಿದ್ದರೆ ಅದು ಇಳಕಲ್ ಅಲ್ಲ. ಅದರ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ, ಧಾರವಾಡದ ಕಡೆಯ ಕಸೂತಿ. ಕಸೂತಿಯ ಗವಂತಿ, ಮುರಗಿ, ನೇಗಿ, ಮೆಂತಿ ಹೊಲಿಗೆಗಳನ್ನು ಹೆಂಗಸರು ಎಳೆ ಎಣಿಸಿ ಹಾಕುತ್ತಾರೆ. ಕೊಡಗಿನ ಸೀರೆಯ ಜೀವಾಳ ಬೆನ್ನಿನ ಕಡೆಯ ನೆರಿಗೆಯಲ್ಲಿದೆ. ಕಾವೇರಿ ಹರಿದ ರಭಸಕ್ಕೆ ಮುಂದಿದ್ದ ನೆರಿಗೆ ಹಿಂದಕ್ಕೆ ಸರಿಯಿತೆಂದು ಕೊಡವರ ಐತಿಹ್ಯ. ಆ ಸೀರೆಯುಟ್ಟವಳನ್ನು ಎದುರಿನಿಂದ ಮಾತ್ರ ಬರೆದರೆ ಕಥೆಯ ಅರ್ಧ ಹೋದಂತೆ. ಉಮ್ಮತ್ತಾಟ್ ಕುಣಿತಕ್ಕಾಗಿ 2023ರಲ್ಲಿ ಪದ್ಮಶ್ರೀ ಪಡೆದ ರಾಣಿ ಮಾಚಯ್ಯನವರ ತಂಡ ವೃತ್ತದಲ್ಲಿ ಕುಣಿಯುವಾಗ ಆ ಹಿನ್ನೆರಿಗೆಯ ಚೆಂದ ಪೂರ್ತಿ ಕಾಣುತ್ತದೆ.

ಲಂಬಾಣಿ ಉಡುಗೆಯ ಮಾತೇ ಬೇರೆ. ಫೇಟಿಯ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ, ಛಾಂಟಿಯ ಎಂಬ ಮೇಲುಹೊದಿಕೆ, ಅವುಗಳ ಮೇಲೆ ಕನ್ನಡಿ, ಕವಡೆ, ನಾಣ್ಯ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆ ಸುದ್ದಿಯಲ್ಲಿ ಎಣಿಕೆ ದೊಡ್ಡದಾಗಿತ್ತು. ಸೂಜಿ ಹಿಡಿದವರ ಹೆಸರುಗಳಿಗೆ ಪತ್ರಿಕೆಗಳಲ್ಲಿ ಅಷ್ಟು ಜಾಗ ಸಿಗಲಿಲ್ಲ. ಒಂದು ಅಂಚೆಚೀಟಿ ಈ ಕೊರತೆಯನ್ನು ತುಂಬಬಲ್ಲದು.

ಈ ವಿವರಗಳನ್ನು ಕಲಿಯಲು ಕಲಾವಿದರು ದೂರ ಹೋಗಬೇಕಾಗಿಲ್ಲ. 1968ರಲ್ಲಿ ಆರಂಭವಾದ ನಮ್ಮ ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವನ್ನು ಜೀ.ಶಂ. ಪರಮಶಿವಯ್ಯನವರೂ ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರೂ ಊರೂರು ಅಲೆದು ಕಟ್ಟಿದರು. ಉಡುಗೆ, ಆಭರಣ, ಗೊಂಬೆ, ಗೃಹಬಳಕೆಯ ವಸ್ತು ಎಲ್ಲವೂ ಅಲ್ಲಿವೆ. ವೆಲ್ಲಿಂಗ್ಟನ್ ಹೌಸಿನಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಚಿತ್ರ ಬರೆಯಲು ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ವಿದ್ಯಾರ್ಥಿಗಳಿದ್ದಾರೆ. ಆಧಾರ, ಕಲಾವಿದ, ಅಂಚೆ ಮೂರೂ ಒಂದೇ ಊರಿನಲ್ಲಿ ಸಿಗುವುದು ಅಪರೂಪ.

6. ಈ ಕಾಲಕ್ಕೆ ಅಂಚೆಚೀಟಿ ಏಕೆ

ಮೊಬೈಲಿನ ಕಾಲದಲ್ಲಿ ಅಂಚೆಚೀಟಿಯನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಆದರೂ ಅಂಚೆಚೀಟಿ ಸರ್ಕಾರ ಅಧಿಕೃತವಾಗಿ ಹೇಳುವ ಮಾತು. ಪ್ರಶಸ್ತಿಯನ್ನು ಒಬ್ಬರ ಕೈಗೆ ಕೊಡುತ್ತಾರೆ, ಅಂಚೆಚೀಟಿ ಲಕ್ಷಾಂತರ ಪ್ರತಿಗಳಲ್ಲಿ ಊರೂರಿಗೆ ಹೋಗುತ್ತದೆ, ಆಲ್ಬಂಗಳಲ್ಲಿ, ಗ್ರಂಥಾಲಯಗಳಲ್ಲಿ, ವಿದೇಶದ ಕ್ಯಾಟಲಾಗುಗಳಲ್ಲಿ ಉಳಿಯುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ಅಂಚೆ ಕಚೇರಿಯ ಮೇಲೆ ಹಳ್ಳಿಯ ಹೆಂಗಸು ಇಟ್ಟ ನಂಬಿಕೆ ದೊಡ್ಡದು. ವೃದ್ಧಾಪ್ಯ ವೇತನ, ವಿಧವಾ ವೇತನಗಳ ಮನಿಯಾರ್ಡರನ್ನು ಎಷ್ಟೋ ವರ್ಷ ಅಂಚೆಯವನ ಕೈಯಿಂದ ಪಡೆದು ಹೆಬ್ಬೆಟ್ಟು ಒತ್ತಿದವರು ಅವರು. ಸೊಪ್ಪು ಮಾರಿದ ದುಡ್ಡಿನಲ್ಲಿ ತಿಂಗಳು ತಿಂಗಳು ಆರ್‌ಡಿ ಕಟ್ಟಿದವರು, ಹೆಣ್ಣುಮಗುವಿನ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದವರು ಅವರು. ಹಳ್ಳಿಯ ಶಾಖಾ ಅಂಚೆ ಕಚೇರಿಗಳನ್ನು ಇಂದು ಅನೇಕ ಕಡೆ ನಡೆಸುತ್ತಿರುವವರೂ ಗ್ರಾಮೀಣ ಡಾಕ್ ಸೇವಕಿಯರಾದ ಹೆಣ್ಣುಮಕ್ಕಳೇ. ಅಂಚೆ ಇಲಾಖೆಯನ್ನು ಇಷ್ಟು ಕಾಲ ನಂಬಿ ನಡೆದ ಈ ಹೆಂಗಸರಿಗೆ ಅಂಚೆಯ ಋಣ ಸಲ್ಲಬೇಕು.

7. ಮೈಸೂರಿನಿಂದ ಆಗಬೇಕಾದ ಕೆಲಸ

ಈಗ ಕಾರ್ಯದ ಮಾತು. ಅಂಚೆಚೀಟಿಗೆ ಪ್ರಸ್ತಾವ ಸಲ್ಲಿಸುವ ಅವಕಾಶ ಸಂಘಸಂಸ್ಥೆಗಳಿಗೂ ಸಾರ್ವಜನಿಕರಿಗೂ ಇದೆ. ಅದನ್ನು ಫಿಲಾಟೆಲಿ ಸಲಹಾ ಸಮಿತಿ ಪರಿಶೀಲಿಸುತ್ತದೆ. ಪ್ರಸ್ತಾವ ಸಾಕಷ್ಟು ಮುಂಚೆ, ಸಾಮಾನ್ಯವಾಗಿ ಎರಡು ವರ್ಷ ಇರುವಾಗಲೇ, ದೆಹಲಿಯ ಡಾಕ್ ಭವನ ಸೇರಬೇಕು. ವ್ಯಕ್ತಿಗಳ ವಿಷಯದಲ್ಲಿ ನಿಧನದ ನಂತರ ಹತ್ತು ವರ್ಷವಾಗಿರಬೇಕೆಂಬುದು ವಾಡಿಕೆ. ಜನ್ಮಶತಮಾನೋತ್ಸವ, ಹತ್ತನೆಯ, ಇಪ್ಪತ್ತೈದನೆಯ ಪುಣ್ಯತಿಥಿಗಳನ್ನು ಪರಿಗಣಿಸುತ್ತಾರೆ.

ಬದುಕಿರುವವರಿಗೆ ಚೀಟಿಯಿಲ್ಲ ಎಂಬ ರೂಢಿ ಸಡಿಲವಾದದ್ದೂ ಉಂಟು. 1960ರ ಸೆಪ್ಟೆಂಬರ್ 15ರಂದು ನೂರು ತುಂಬಿದ ಸರ್ ಎಂ. ವಿಶ್ವೇಶ್ವರಯ್ಯನವರ ಅಂಚೆಚೀಟಿ ಅವರ ಜೀವಿತಕಾಲದಲ್ಲೇ ಬಂತು. ನೂರು ದಾಟಿ ಬಾಳಿದ ತಿಮ್ಮಕ್ಕನವರಿಗೂ ಅಂಥ ಮನ್ನಣೆ ಸಲ್ಲಬಹುದಿತ್ತು. ತೊಂಬತ್ತಾರರ ವಯಸ್ಸಿನಲ್ಲಿ 2025ರ ಪದ್ಮಶ್ರೀಗೆ ಪಾತ್ರರಾದ ಕೊಪ್ಪಳ ಸೀಮೆಯ ತೊಗಲುಗೊಂಬೆಯಾಟದ ಭೀಮವ್ವ ಶಿಳ್ಳೇಕ್ಯಾತರ ಅವರ ವಿಷಯದಲ್ಲಾದರೂ ನಾವು ಈ ವಿನಾಯಿತಿಯನ್ನು ಕೇಳಬೇಕು. ಕೇಳುವುದಕ್ಕೆ ವಿಶ್ವೇಶ್ವರಯ್ಯನವರ ಚೀಟಿಯೇ ಆಧಾರ.

ನನ್ನ ಸಲಹೆಗಳು ಮೂರು. ಮೊದಲನೆಯದು, ಕರ್ನಾಟಕದ ಹಳ್ಳಿಯ ಉಡುಗೆಗಳ ಒಂದು ಮಾಲಿಕೆಗೆ ಪ್ರಸ್ತಾವ. ಇಳಕಲ್, ಲಂಬಾಣಿ, ಕೊಡವ, ಹಾಲಕ್ಕಿ, ಜೊತೆಗೆ ನಮ್ಮ ಹೆಗ್ಗಡದೇವನಕೋಟೆ, ಬಿಳಿಗಿರಿರಂಗನ ಬೆಟ್ಟದ ಜೇನುಕುರುಬ, ಸೋಲಿಗ ಹೆಂಗಸರು. ಪ್ರತಿ ಉಡುಗೆಯನ್ನೂ ಕೆಲಸದಲ್ಲಿ ತೊಡಗಿದ ನಿಜವಾದ ಹೆಂಗಸಿನ ಮೈಮೇಲೆ ತೋರಿಸಬೇಕು. ಚೀಟಿಯಲ್ಲಿ ಹೆಸರು ಹಿಂದಿ, ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಇರಬೇಕು. ಎರಡನೆಯದು, ಇವರಲ್ಲಿ ಒಬ್ಬರಾದರೂ ನಿತ್ಯಬಳಕೆಯ ಚೀಟಿಗೆ ಬರಬೇಕು. 1955ರ ರಾಟೆಯ ಹೆಂಗಸು ಹೋದಷ್ಟು ದೂರ ಹೆಸರುಳ್ಳ ಹೆಂಗಸೂ ಹೋಗಲಿ. ಮೂರನೆಯದು, ಚೀಟಿ ಬರುವವರೆಗೆ ಕಾಯುತ್ತ ಕೂರಬೇಕಾಗಿಲ್ಲ. ವಿಶೇಷ ಲಕೋಟೆ ಮತ್ತು ವಿಶೇಷ ಮೊಹರನ್ನು ಕರ್ನಾಟಕ ಅಂಚೆ ವೃತ್ತದ ಮಟ್ಟದಲ್ಲೇ ಹೊರತರಬಹುದು. ಅಕ್ಟೋಬರ್ 9 ವಿಶ್ವ ಅಂಚೆ ದಿನ. ವಿಶ್ವಸಂಸ್ಥೆಯ ತೀರ್ಮಾನದಂತೆ 2008ರಿಂದ ಅಕ್ಟೋಬರ್ 15 ಅಂತರರಾಷ್ಟ್ರೀಯ ಗ್ರಾಮೀಣ ಮಹಿಳಾ ದಿನ. ನಡುವಿನ ವಾರದಲ್ಲಿ ಮೈಸೂರಿನಲ್ಲಿ ವರ್ಷಕ್ಕೊಬ್ಬ ಹಳ್ಳಿಯ ಹೆಣ್ಣುಮಗಳ ಹೆಸರಿನಲ್ಲಿ ವಿಶೇಷ ಲಕೋಟೆ ಬಿಡುಗಡೆಯಾಗಲಿ. ದಸರಾ ವಸ್ತುಪ್ರದರ್ಶನದಲ್ಲಿ ಅದಕ್ಕೊಂದು ಮಳಿಗೆ ಸಿಗಲಿ.

ಎಲ್ಲಕ್ಕಿಂತ ತುರ್ತಾದದ್ದು ಒಂದಿದೆ. 2028ರ ಡಿಸೆಂಬರ್ 25ಕ್ಕೆ ಸೂಲಗಿತ್ತಿ ನರಸಮ್ಮನವರು ತೀರಿಕೊಂಡು ಹತ್ತು ವರ್ಷ ತುಂಬುತ್ತದೆ. ವಾಡಿಕೆಯ ಅಡ್ಡಿ ಅಂದಿಗೆ ನೀಗುತ್ತದೆ. ಎರಡು ವರ್ಷದ ಅವಧಿಯನ್ನು ಲೆಕ್ಕ ಹಾಕಿದರೆ ಪ್ರಸ್ತಾವ 2026ರ ಕೊನೆಯೊಳಗೆ ಹೋಗಬೇಕು. ತುಳಸಿ ಗೌಡರು ತೀರಿಕೊಂಡು ಹತ್ತು ವರ್ಷ ತುಂಬುವುದು 2034ರಲ್ಲಿ, ಸುಕ್ರಜ್ಜಿ ಮತ್ತು ತಿಮ್ಮಕ್ಕನವರು ತೀರಿಕೊಂಡು 2035ರಲ್ಲಿ; ಅವರ ವಿಷಯದಲ್ಲಿ ಸಮಯವಿದೆ. ನರಸಮ್ಮನವರ ವಿಷಯದಲ್ಲಿ ಸಮಯವಿಲ್ಲ.

ಆದ್ದರಿಂದ ಈ ಸಭೆಯ ಮುಂದೆ ನನ್ನ ಕೋರಿಕೆ ಇಷ್ಟೇ. ವಿಶ್ವವಿದ್ಯಾನಿಲಯ, ಸಾಹಿತ್ಯ ಪರಿಷತ್ತು, ಅಂಚೆಚೀಟಿ ಸಂಗ್ರಾಹಕರ ಬಳಗ, ಮಹಿಳಾ ಸಂಘಟನೆಗಳು ಒಟ್ಟಾಗಿ ನರಸಮ್ಮನವರ ಜೀವನ ವಿವರ, ಛಾಯಾಚಿತ್ರ, ಅವರು ಉಡುತ್ತಿದ್ದ ಬಗೆಯ ಸೀರೆಯ ಚಿತ್ರವಿನ್ಯಾಸ ಇವನ್ನೆಲ್ಲ ಸೇರಿಸಿ ಒಂದು ಸಮರ್ಥ ಪ್ರಸ್ತಾವವನ್ನು ಸಿದ್ಧಪಡಿಸಬೇಕು. ಕರಡು ಬರೆಯುವ ಕೆಲಸದಲ್ಲಿ ನಾನೂ ಕೂಡುತ್ತೇನೆ. ಈ ಸಭೆಯಿಂದ ಹೊರಡುವ ಮುನ್ನ ತಮ್ಮ ಹೆಸರನ್ನು ಸಂಘಟಕರ ಬಳಿ ಬರೆಸಿ ಹೋಗಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.